ಅಡ್ಡಿ ಯಾವುದು, ಅಡ್ಡಿಯಲ್ಲದ್ದು ಯಾವುದು: ಸಾಫ್ಟ್‌ಬಾಲ್ ಆಟದ ಒಂದು ನಿಯಮ

ಕನ್ನಡ ವಿಭಾಗದ ವಾರ್ತಾಪತ್ರದಲ್ಲಿ ಚೆಂಡಾಟದ ನಿಯಮವೊಂದನ್ನು ಕುರಿತ ಲೇಖನವೇಕೆ ಎಂದು ಓದುಗರು ಕೇಳಬಹುದು. ಕಾರಣ ನಮ್ಮ ವಿಭಾಗದೊಳಗೇ ಇದೆ. ಬಿ.ಎ. ಎರಡನೆಯ ವರ್ಷದಲ್ಲಿ ಕನ್ನಡವನ್ನು ಐಚ್ಛಿಕವಾಗಿ ಓದುತ್ತಿರುವ ವಿದ್ಯಾರ್ಥಿನಿಯೊಬ್ಬಳು ಕಾಲೇಜಿನ ಸಾಫ್ಟ್‌ಬಾಲ್ ತಂಡದಲ್ಲಿ ಆಡುತ್ತಾಳೆ. ಅಕ್ಕಲಕೋಟೆಯ ಕಡೆಯ ಹಳ್ಳಿಯವಳು. ಮನೆಯಲ್ಲಿ ಕನ್ನಡ, ಅಂಗಳದಲ್ಲಿ ಮರಾಠಿ, ಮೈದಾನದಲ್ಲಿ ಎರಡೂ. ಈ ಸಲದ ಅಂತರ್‌ಕಾಲೇಜು ಪಂದ್ಯದ ಏಳನೆಯ, ಎಂದರೆ ಕೊನೆಯ, ಇನಿಂಗ್ಸ್‌ನಲ್ಲಿ ನಮ್ಮ ತಂಡ ಒಂದು ರನ್ನಿನಿಂದ ಹಿಂದಿತ್ತು. ಇಬ್ಬರು ಔಟಾಗಿದ್ದರು. ಮೊದಲನೆಯ ಬೇಸ್‌ನಲ್ಲಿ ನಮ್ಮ ಓಟಗಾರ್ತಿಯೊಬ್ಬಳಿದ್ದಳು. ಬ್ಯಾಟು ಈ ಹುಡುಗಿಯ ಕೈಯಲ್ಲಿತ್ತು. ಪಿಚರ್ ಚೆಂಡು ಬಿಟ್ಟ ಕ್ಷಣವೇ ಓಟಗಾರ್ತಿ ಎರಡನೆಯ ಬೇಸ್‌ನತ್ತ ಓಡಿದಳು. ಇವಳು ಬಲವಾಗಿ ಬ್ಯಾಟು ಬೀಸಿದಳು, ಚೆಂಡು ಸಿಗಲಿಲ್ಲ. ಬೀಸಿದ ರಭಸಕ್ಕೆ ಮುಂದಕ್ಕೆ ಮುಗ್ಗರಿಸಿ, ಗೆರೆ ದಾಟಿ, ಹೋಮ್ ಪ್ಲೇಟಿನ ಮೇಲೆ ಕ್ಯಾಚರ್‌ನ ಎದುರಿಗೇ ಬಂದು ನಿಂತಳು. ಎಸೆಯಲು ಎತ್ತಿದ ಕೈಯನ್ನು ಕ್ಯಾಚರ್ ಹಿಂದಕ್ಕೆಳೆದುಕೊಂಡಳು. ಓಟಗಾರ್ತಿ ಸುಖವಾಗಿ ಎರಡನೆಯ ಬೇಸ್ ಸೇರಿದಳು. ನಮ್ಮ ಕಡೆಯವರು ಚಪ್ಪಾಳೆ ತಟ್ಟುತ್ತಿರುವಾಗಲೇ ಅಂಪೈರ್ ‘ಡೆಡ್ ಬಾಲ್’ ಎಂದು ಕೂಗಿ, ಬ್ಯಾಟು ಹಿಡಿದಿದ್ದವಳನ್ನು ಔಟ್ ಎಂದು ಸಾರಿದರು. ಮೂರನೆಯ ಔಟ್ ಆದುದರಿಂದ ಪಂದ್ಯ ಅಲ್ಲಿಗೇ ಮುಗಿಯಿತು.

ಮರುದಿನ ತರಗತಿಯ ನಂತರ ಅವಳು ನನ್ನ ಬಳಿಗೆ ಬಂದು ಹೇಳಿದ ಮಾತು ಇದು: “ಸರ್, ನಾ ಬೇಕಂತ ಅಡ್ಡ ಹೋಗಿಲ್ರಿ. ತೋಲ ಹೋತ್ರಿ. ಎಲ್ಲಾರೂ ನಿನ್ನಿಂದನ ಮ್ಯಾಚ್ ಹೋತು ಅಂತಾರ.” ‘ತೋಲ’ ಎಂಬುದು ನಮ್ಮ ಭಾಗದ ಕನ್ನಡಕ್ಕೆ ಮರಾಠಿಯಿಂದ ಬಂದು ನೆಲೆಸಿದ ಮಾತು, ಗ್ರಾಂಥಿಕವಾದ ‘ಸಮತೋಲ’ದಲ್ಲಿರುವುದೂ ಅದೇ ತೋಲ. ಆಟದ ವಿಷಯದಲ್ಲಿ ನನ್ನ ತಿಳಿವಳಿಕೆ ಅಲ್ಪ. ಆದರೆ ಅವಳು ಎತ್ತಿದ ಪ್ರಶ್ನೆ ಮೈದಾನದ್ದಷ್ಟೇ ಆಗಿರಲಿಲ್ಲ. ‘ಬೇಕೆಂದು’ ಮಾಡದ ಕೆಲಸಕ್ಕೆ ದಂಡ ತೆರಬೇಕೆ? ಹಾಗೆ ದಂಡ ತೆತ್ತವಳು ತಪ್ಪಿತಸ್ಥಳೆ? ದೈಹಿಕ ಶಿಕ್ಷಣದ ಸಹೋದ್ಯೋಗಿಗಳಿಂದ ನಿಯಮಪುಸ್ತಕವನ್ನು ಎರವಲು ಪಡೆದು, ಅರ್ಥವಾಗದ ಕಡೆ ಅವರನ್ನೇ ಕೇಳಿ ತಿಳಿದುಕೊಂಡುದನ್ನು ಇಲ್ಲಿ ಬರೆದಿದ್ದೇನೆ. ನಮ್ಮದು ಹುಡುಗಿಯರ ತಂಡವಾದುದರಿಂದ ಸ್ತ್ರೀಲಿಂಗದಲ್ಲಿ ಬರೆಯುತ್ತೇನೆ. ನಿಯಮ ಗಂಡುಮಕ್ಕಳ ಆಟಕ್ಕೂ ಅದೇ.

ಆಟದ ಹುಟ್ಟು ಮತ್ತು ಅಂಗಳ

ಸಾಫ್ಟ್‌ಬಾಲ್ ಹುಟ್ಟಿದ್ದು ಅಮೆರಿಕದ ಶಿಕಾಗೋ ನಗರದಲ್ಲಿ, 1887ರಲ್ಲಿ. ಫ್ಯಾರಗಟ್ ಬೋಟ್ ಕ್ಲಬ್ ಎಂಬ ದೋಣಿವಿಹಾರದ ಸಂಘದ ಕೋಣೆಯಲ್ಲಿ ಯೇಲ್ ಮತ್ತು ಹಾರ್ವರ್ಡ್ ವಿಶ್ವವಿದ್ಯಾಲಯಗಳ ಫುಟ್‌ಬಾಲ್ ಪಂದ್ಯದ ಫಲಿತಾಂಶಕ್ಕಾಗಿ ಕಾದಿದ್ದವರಲ್ಲಿ ಒಬ್ಬನು ಮುಷ್ಟಿಯುದ್ಧದ ಕೈಗವಸನ್ನು ಎಸೆದನೆಂದೂ ಇನ್ನೊಬ್ಬನು ಅದನ್ನು ಕೋಲಿನಿಂದ ಹೊಡೆದನೆಂದೂ ಹೇಳುತ್ತಾರೆ. ಅಲ್ಲಿದ್ದ ಜಾರ್ಜ್ ಹ್ಯಾನ್‌ಕಾಕ್ ಎಂಬಾತ ಆ ಕೈಗವಸನ್ನೇ ದಾರದಿಂದ ಬಿಗಿದು ಚೆಂಡಾಗಿಸಿ, ಪೊರಕೆಯ ಹಿಡಿಯನ್ನು ಬ್ಯಾಟಾಗಿಸಿ, ಬೇಸ್‌ಬಾಲನ್ನು ಕೋಣೆಯೊಳಗೆ ಆಡುವ ಬಗೆಯನ್ನು ರೂಪಿಸಿದನು. ‘ಸಾಫ್ಟ್‌ಬಾಲ್’ ಎಂಬ ಹೆಸರನ್ನು 1926ರಲ್ಲಿ ವಾಲ್ಟರ್ ಹ್ಯಾಕನ್‌ಸನ್ ಸೂಚಿಸಿದನು. ಹೆಸರಿನಲ್ಲಿ ಮೆದುತನವಿದ್ದರೂ ಇಂದಿನ ಚೆಂಡು ಮೆದುವಲ್ಲ; ಸುತ್ತಳತೆ 12 ಅಂಗುಲ, ಗಟ್ಟಿಮುಟ್ಟಾದದ್ದು. 1996ರಿಂದ 2008ರವರೆಗೆ ನಾಲ್ಕು ಒಲಿಂಪಿಕ್ಸ್‌ಗಳಲ್ಲಿಯೂ, ಬಳಿಕ 2021ರಲ್ಲಿ ನಡೆದ ಟೋಕಿಯೊ ಕ್ರೀಡೆಗಳಲ್ಲಿಯೂ ಮಹಿಳೆಯರ ಸಾಫ್ಟ್‌ಬಾಲ್ ಇತ್ತು. ಮೊದಲ ಮೂರು ಚಿನ್ನ ಅಮೆರಿಕಕ್ಕೆ, ಮುಂದಿನ ಎರಡು ಜಪಾನಿಗೆ ಸಂದವು. ನಮ್ಮಲ್ಲಿ, ವಿಶೇಷವಾಗಿ ಮಹಾರಾಷ್ಟ್ರದ ಶಾಲೆ ಕಾಲೇಜುಗಳ ಕ್ರೀಡಾಸ್ಪರ್ಧೆಗಳಲ್ಲಿ, ಈ ಆಟಕ್ಕೆ ಸ್ಥಾನವಿದೆ.

ಅಂಗಳದಲ್ಲಿ ನಾಲ್ಕು ಬೇಸ್‌ಗಳು ಒಂದು ಚೌಕದ ನಾಲ್ಕು ಮೂಲೆಗಳಲ್ಲಿರುತ್ತವೆ. ಬ್ಯಾಟು ಹಿಡಿದವಳು ನಿಲ್ಲುವ ಮೂಲೆಗೆ ಹೋಮ್ ಪ್ಲೇಟ್ ಎಂದು ಹೆಸರು. ಅಲ್ಲಿಂದ ಹೊರಟು ಮೂರೂ ಬೇಸ್‌ಗಳನ್ನು ಮುಟ್ಟಿ ಮರಳಿ ಹೋಮ್ ಸೇರಿದರೆ ಒಂದು ರನ್. ಒಂದು ಬೇಸ್‌ನಿಂದ ಇನ್ನೊಂದಕ್ಕೆ 60 ಅಡಿ, ಎಂದರೆ 18.29 ಮೀಟರ್. ಹೋಮ್‌ನಿಂದ ಎರಡನೆಯ ಬೇಸ್‌ಗೆ ಕರ್ಣದ ದೂರ 25.86 ಮೀಟರ್. ಮಹಿಳೆಯರ ಆಟದಲ್ಲಿ ಪಿಚರ್ ನಿಂತು ಚೆಂಡು ಎಸೆಯುವ ಪಟ್ಟಿಯಿಂದ ಹೋಮ್‌ಗೆ 43 ಅಡಿ, ಎಂದರೆ 13.11 ಮೀಟರ್. ಹೋಮ್ ಪ್ಲೇಟಿನ ಎಡಕ್ಕೂ ಬಲಕ್ಕೂ ಬ್ಯಾಟು ಹಿಡಿದವಳು ನಿಲ್ಲಲು ಸುಣ್ಣದ ಗೆರೆಗಳಿಂದ ಬರೆದ ಒಂದೊಂದು ಚೌಕಟ್ಟು ಇರುತ್ತದೆ. 3 ಅಡಿ ಅಗಲ, 7 ಅಡಿ ಉದ್ದ. ಪ್ಲೇಟಿಗೂ ಚೌಕಟ್ಟಿನ ಒಳಗೆರೆಗೂ ನಡುವೆ ಕೇವಲ 6 ಅಂಗುಲ. ಗೆರೆಯೂ ಚೌಕಟ್ಟಿಗೇ ಸೇರಿದ್ದು. ಇದನ್ನು ಆಟಗಾರರು ಬ್ಯಾಟರ್ಸ್ ಬಾಕ್ಸ್ ಎನ್ನುತ್ತಾರೆ. ಇಲ್ಲಿ ‘ಚೌಕಟ್ಟು’ ಎಂದೇ ಕರೆಯುತ್ತೇನೆ. ಇಡೀ ನಿಯಮ ನಿಂತಿರುವುದು ಈ ಚೌಕಟ್ಟಿನ ಮೇಲೆ.

ಎರಡೂವರೆ ಸೆಕೆಂಡಿನ ವ್ಯವಹಾರ

ಬ್ಯಾಟಿಗೆ ಚೆಂಡು ತಾಗದಿದ್ದರೂ ಓಟಗಾರ್ತಿ ಮುಂದಿನ ಬೇಸ್‌ಗೆ ಓಡಬಹುದು. ಇದಕ್ಕೆ ‘ಸ್ಟೀಲ್’ ಎಂದು ಹೆಸರು; ಬೇಸ್ ಕದಿಯುವುದು. ಆದರೆ ಬೇಸ್‌ಬಾಲ್‌ನಲ್ಲಿರುವ ಒಂದು ಸ್ವಾತಂತ್ರ್ಯ ವೇಗದ ಎಸೆತದ ಸಾಫ್ಟ್‌ಬಾಲ್‌ನಲ್ಲಿ ಇಲ್ಲ. ಅಲ್ಲಿ ಓಟಗಾರ ಮೊದಲೇ ನಾಲ್ಕು ಹೆಜ್ಜೆ ಮುಂದೆ ಹೋಗಿ ಹೊಂಚು ಹಾಕಬಹುದು. ಇಲ್ಲಿ ಪಿಚರ್‌ನ ಕೈಯಿಂದ ಚೆಂಡು ಬಿಡುವವರೆಗೆ ಓಟಗಾರ್ತಿ ಬೇಸ್ ಬಿಡುವಂತಿಲ್ಲ. ಆದುದರಿಂದ ಕಳವು ಎಂಬುದು ಒಂದು ನೇರವಾದ ಓಟದ ಪಂದ್ಯ: ಒಂದು ಕಡೆ ಓಟಗಾರ್ತಿಯ ಕಾಲು, ಇನ್ನೊಂದು ಕಡೆ ಕ್ಯಾಚರ್‌ನ ಕೈ.

ಲೆಕ್ಕ ಹಾಕಿ ನೋಡೋಣ. ಪಿಚರ್‌ನ ಚೆಂಡು ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಬಂದರೆ ಸೆಕೆಂಡಿಗೆ 25 ಮೀಟರ್ ಆಯಿತು. ಹೋಮ್ ತಲುಪಲು ಸುಮಾರು ಅರ್ಧ ಸೆಕೆಂಡು. ಕ್ಯಾಚರ್ ಅದನ್ನು ಹಿಡಿದು, ಎದ್ದು, ಕೈಗವಸಿನಿಂದ ಚೆಂಡು ತೆಗೆದು ಎಸೆಯಲು ಹತ್ತಿರಹತ್ತಿರ ಮುಕ್ಕಾಲು ಸೆಕೆಂಡು. ಅವಳ ಎಸೆತವೂ ಅದೇ ವೇಗದ್ದೆಂದುಕೊಂಡರೆ ಎರಡನೆಯ ಬೇಸ್ ತಲುಪಲು ಒಂದು ಸೆಕೆಂಡಿಗೆ ತುಸು ಹೆಚ್ಚು. ಒಟ್ಟು ಎರಡೂಕಾಲು, ಎರಡೂವರೆ ಸೆಕೆಂಡಿನೊಳಗಿನ ಕೆಲಸ. ನಿಂತ ಕಾಲಿನಿಂದ ಹೊರಟು 18 ಮೀಟರ್ ಓಡುವವಳಿಗೆ ಸುಮಾರು ಮೂರು ಸೆಕೆಂಡು ಬೇಕು. ಉಳಿಯುವ ಅರ್ಧ ಸೆಕೆಂಡಿನಲ್ಲಿಯೇ ಎರಡನೆಯ ಬೇಸ್‌ನಲ್ಲಿರುವ ಫೀಲ್ಡರ್ ಚೆಂಡು ಹಿಡಿದು ಓಟಗಾರ್ತಿಯನ್ನು ಮುಟ್ಟಬೇಕು. ಎಸೆತ ಸ್ವಲ್ಪ ಓರೆಯಾದರೆ, ಕೈ ಒಂದು ಕ್ಷಣ ತಡೆದರೆ, ಆ ಅರ್ಧ ಸೆಕೆಂಡು ಕರಗಿಹೋಗುತ್ತದೆ.

ಈಗ ಕ್ಯಾಚರ್‌ನ ಎದುರಿಗೆ, ಒಂದು ಕೈಯಳತೆಯ ದೂರದಲ್ಲಿ, ಬ್ಯಾಟು ಹಿಡಿದ ಇನ್ನೊಬ್ಬಳು ನಿಂತಿದ್ದಾಳೆಂಬುದನ್ನು ನೆನೆಯಿರಿ. ಅವಳು ಎದುರು ಪಕ್ಷದವಳು. ಓಟಗಾರ್ತಿ ಸುರಕ್ಷಿತವಾಗಿ ಮುಟ್ಟಲಿ ಎಂಬುದೇ ಅವಳ ಹಾರೈಕೆ. ಅವಳು ಏನೂ ಮಾಡಬಾರದೆಂದರೆ ಆಟವೇ ನಡೆಯದು. ಏನು ಬೇಕಾದರೂ ಮಾಡಬಹುದೆಂದರೆ ಕ್ಯಾಚರ್ ಎಂದಿಗೂ ಎಸೆಯಲಾರಳು. ಈ ಎರಡರ ನಡುವೆ ಗೆರೆ ಎಳೆಯುವುದೇ ನಿಯಮದ ಕೆಲಸ.

ನಿಯಮ ಹೇಳುವುದೇನು

ನಿಯಮದ ಸಾರವನ್ನು ಎರಡು ವಾಕ್ಯಗಳಲ್ಲಿ ಹೇಳಬಹುದು. ಒಂದು: ಬ್ಯಾಟು ಹಿಡಿದವಳು ಚೌಕಟ್ಟಿನಿಂದ ಹೊರಗೆ ಕಾಲಿಟ್ಟು, ಕ್ಯಾಚರ್ ಚೆಂಡು ಹಿಡಿಯುವುದಕ್ಕೆ ಅಥವಾ ಎಸೆಯುವುದಕ್ಕೆ ಅಡ್ಡಿಯಾದರೆ ಅವಳು ಔಟ್. ಎರಡು: ಚೌಕಟ್ಟಿನೊಳಗೇ ನಿಂತು ಉದ್ದೇಶಪೂರ್ವಕವಾಗಿ ಕ್ಯಾಚರ್‌ಗೆ ಅಡ್ಡಿಮಾಡಿದರೂ ಅವಳು ಔಟ್.

ಈ ಎರಡು ವಾಕ್ಯಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಬೇಕು. ‘ಉದ್ದೇಶಪೂರ್ವಕವಾಗಿ’ ಎಂಬ ಮಾತು ಎರಡನೆಯದರಲ್ಲಿದೆ, ಮೊದಲನೆಯದರಲ್ಲಿ ಇಲ್ಲ. ವ್ಯಾಕರಣ ಓದುವವರಿಗೆ ಇದು ಹೊಸ ಪಾಠವಲ್ಲ. ಎರಡು ಸೂತ್ರಗಳಲ್ಲಿ ಒಂದರಲ್ಲಿ ಮಾತ್ರ ಒಂದು ವಿಶೇಷಣವಿದ್ದರೆ, ಇನ್ನೊಂದರಲ್ಲಿ ಅದು ಇಲ್ಲದಿರುವುದಕ್ಕೂ ಅರ್ಥವಿರುತ್ತದೆ. ತನ್ನ ಚೌಕಟ್ಟಿನೊಳಗೆ ಇರುವವರೆಗೆ ಅಂಪೈರ್ ಅವಳ ಮನಸ್ಸನ್ನು ವಿಚಾರಿಸುತ್ತಾರೆ: ಬೇಕೆಂದು ಮಾಡಿದಳೆ, ಸಹಜವಾಗಿ ಆಯಿತೆ? ಚೌಕಟ್ಟು ದಾಟಿದ ಮೇಲೆ ಆ ವಿಚಾರಣೆ ನಿಲ್ಲುತ್ತದೆ. ಅಡ್ಡಿಯಾಯಿತೆ ಇಲ್ಲವೆ ಎಂಬುದೊಂದೇ ಪ್ರಶ್ನೆ.

ಹೀಗೇಕೆ? ಚೌಕಟ್ಟಿನೊಳಗೆ ನಿಲ್ಲುವುದು ಅವಳ ಹಕ್ಕು. ಅಲ್ಲಿ ನಿಲ್ಲಲೇಬೇಕೆಂದು ಆಟವೇ ಅವಳಿಗೆ ಹೇಳಿದೆ. ಹಾಗಿರುವಾಗ ಅಲ್ಲಿದ್ದ ಮಾತ್ರಕ್ಕೆ ಅವಳನ್ನು ದಂಡಿಸುವುದು ಅನ್ಯಾಯ. ಹೊರಗಿನ ನೆಲದ ಮೇಲೆ, ಮುಖ್ಯವಾಗಿ ಹೋಮ್ ಪ್ಲೇಟಿನ ಮೇಲೆ ಮತ್ತು ಅದರ ಮುಂದೆ, ಆ ಹೊತ್ತಿಗೆ ಅವಳಿಗೆ ಕೆಲಸವಿಲ್ಲ. ಅಲ್ಲಿ ಬಂದುದರ ಹೊಣೆ ಅವಳದು. ಬಂದ ಬಗೆ ಯಾವುದಾದರೂ ಆಗಿರಲಿ. ಬೀದಿಯಲ್ಲಿ ಬೆಕ್ಕು ಅಡ್ಡ ಬಂದರೆ ನಮ್ಮ ಹಿರಿಯರು ಒಂದು ಗಳಿಗೆ ನಿಲ್ಲುತ್ತಿದ್ದರು. ಬೆಕ್ಕಿಗೆ ಯಾವ ಉದ್ದೇಶವೂ ಇರಲಿಲ್ಲವೆಂದು ಅವರಿಗೆ ಗೊತ್ತಿತ್ತು. ಆದರೂ ನಿಂತದ್ದು ನಿಂತದ್ದೇ. ಕ್ಯಾಚರ್‌ನ ಕೈ ನಿಂತಿತೆ ಎಂಬುದನ್ನು ಅಂಪೈರ್ ನೋಡುವುದೂ ಹಾಗೆಯೇ.

ಅಡ್ಡಿಯಲ್ಲದ ಸಂಗತಿಗಳು

ನಿಯಮವನ್ನು ಅರಿಯಲು ಅದು ಯಾವುದನ್ನು ಹಿಡಿಯುವುದಿಲ್ಲ ಎಂಬುದನ್ನೂ ತಿಳಿಯಬೇಕು.

ಚೌಕಟ್ಟಿನೊಳಗೆ ಸುಮ್ಮನೆ ನಿಂತವಳಿಗೆ ಕ್ಯಾಚರ್ ಎಸೆದ ಚೆಂಡು ಬಂದು ತಾಗಿದರೆ ಅದು ಅಡ್ಡಿಯಲ್ಲ, ಆಟ ಮುಂದುವರಿಯುತ್ತದೆ. ಕ್ಯಾಚರ್‌ಗೆ ದಾರಿ ಬಿಡಲು ಅವಳು ಬಗ್ಗಬೇಕಾಗಿಲ್ಲ, ಮಾಯವಾಗಬೇಕಾಗಿಲ್ಲ. ಬಲಗೈಯಿಂದ ಆಡುವವಳು ನಿಲ್ಲುವುದು ಮೂರನೆಯ ಬೇಸ್‌ನ ಕಡೆಯ ಚೌಕಟ್ಟಿನಲ್ಲಿ. ಮೂರನೆಯ ಬೇಸ್‌ಗೆ ಎಸೆಯಬೇಕಾದಾಗ ಅವಳು ಕ್ಯಾಚರ್‌ನ ದೃಷ್ಟಿಗೆ ನೇರವಾಗಿ ಎದುರಾಗುತ್ತಾಳೆ. ಆಗ ಅವಳ ಹಿಂದಿನಿಂದಲೋ ಮುಂದಿನಿಂದಲೋ ಹೆಜ್ಜೆ ಹಾಕಿ ಎಸೆಯುವ ದಾರಿಯನ್ನು ಕಂಡುಕೊಳ್ಳುವುದು ಕ್ಯಾಚರ್‌ನ ಕೆಲಸ. ಅದನ್ನು ಅಭ್ಯಾಸ ಮಾಡದ ಕ್ಯಾಚರ್, ನಿಂತವಳ ಮೇಲೆ ದೂರು ಹೊರಿಸುವಂತಿಲ್ಲ.

ಬ್ಯಾಟು ಬೀಸುವುದು ಅಡ್ಡಿಯಲ್ಲ. ಓಟಗಾರ್ತಿಗೆ ನೆರವಾಗಲೆಂದು ಚೆಂಡು ಸಿಗದಿದ್ದರೂ ಬೀಸುವುದುಂಟು; ಬೀಸಿದ ಬ್ಯಾಟಿನಿಂದಾಗಿ ಕ್ಯಾಚರ್‌ನ ಕಣ್ಣು ಒಂದು ಕ್ಷಣ ತಪ್ಪಬಹುದು. ಅದು ಆಟದ ಜಾಣತನ. ಬ್ಯಾಟನ್ನು ನೆಲಕ್ಕೆ ಬಿಟ್ಟಾಗ ಕ್ಯಾಚರ್ ಅದನ್ನು ಎಡವಿದರೆ ಅದೂ ಅಡ್ಡಿಯಲ್ಲ. ಆದರೆ ಬ್ಯಾಟನ್ನು ಬಿಟ್ಟ ರೀತಿಯಿಂದ ಅದು ಹಾರಿ ಕ್ಯಾಚರ್‌ಗೆ ಬಡಿದು ಅವಳ ಕೆಲಸ ತಪ್ಪಿದರೆ ಅಡ್ಡಿ ಎನಿಸಬಹುದು.

ಅಡ್ಡಿಯಾಗಲು ಮೈಗೆ ಮೈ ತಾಗಬೇಕೆಂದಿಲ್ಲ. ನಮ್ಮ ಪಂದ್ಯದಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಮುಟ್ಟಲಿಲ್ಲ, ಚೆಂಡೂ ಕೈಬಿಡಲಿಲ್ಲ. ಎಸೆಯಲು ಹೊರಟ ಕೈ ಹಿಂದೆ ಸರಿದದ್ದೇ ಸಾಕಾಯಿತು. ಹಾಗೆಂದು, ಎಸೆಯುವ ಮನಸ್ಸೇ ಇಲ್ಲದ ಕ್ಯಾಚರ್ ಎದುರಿನವಳನ್ನು ತೋರಿಸಿ ‘ಅಡ್ಡಿ’ ಎಂದು ಕೂಗಿದರೆ ಅಂಪೈರ್ ಒಪ್ಪಬೇಕಾಗಿಲ್ಲ. ನಿಜವಾಗಿಯೂ ಒಂದು ಅವಕಾಶ ತಪ್ಪಿತೆ ಎಂಬುದು ಅವರ ವಿವೇಚನೆಗೆ ಬಿಟ್ಟದ್ದು.

ಚೌಕಟ್ಟಿನ ರಕ್ಷಣೆಗೂ ಒಂದು ಮಿತಿಯಿದೆ. ಓಟಗಾರ್ತಿ ಮೂರನೆಯ ಬೇಸ್‌ನಿಂದ ಹೋಮ್‌ಗೇ ನುಗ್ಗಿ ಬರುತ್ತಿರುವಾಗ, ಹೋಮ್‌ನಲ್ಲಿಯೇ ಅವಳನ್ನು ಔಟ್ ಮಾಡುವ ಪ್ರಯತ್ನ ನಡೆದಿರುವಾಗ, ‘ನಾನು ನನ್ನ ಚೌಕಟ್ಟಿನಲ್ಲಿದ್ದೇನೆ’ ಎಂದು ಬ್ಯಾಟು ಹಿಡಿದವಳು ನಿಂತಿರುವಂತಿಲ್ಲ. ಸರಿಯಲು ಸಮಯವಿದ್ದರೆ ಸರಿಯಬೇಕು. ನಿಲ್ಲುವ ಹಕ್ಕು ಬಂದದ್ದು ಚೆಂಡು ಹೊಡೆಯುವುದಕ್ಕಾಗಿ. ಹೊಡೆಯುವ ಹೊತ್ತು ಕಳೆದು ಆಟ ಅದೇ ನೆಲಕ್ಕೆ ಬಂದಾಗ ಆ ಹಕ್ಕು ತೆಳುವಾಗುತ್ತದೆ.

ದಂಡನೆಯ ಲೆಕ್ಕ

ಅಡ್ಡಿ ಎಂದು ಸಾರಿದ ಕೂಡಲೆ ಚೆಂಡು ‘ಡೆಡ್’, ಎಂದರೆ ಆಟ ಅಲ್ಲಿಗೇ ನಿಂತಂತೆ. ಬ್ಯಾಟು ಹಿಡಿದವಳು ಔಟ್. ಓಡಿದವರೆಲ್ಲ ಅಡ್ಡಿಯಾದ ಗಳಿಗೆಯಲ್ಲಿ ನ್ಯಾಯವಾಗಿ ಮುಟ್ಟಿದ್ದ ಬೇಸ್‌ಗೆ ಮರಳಬೇಕು. ನಮ್ಮ ಓಟಗಾರ್ತಿ ಎರಡನೆಯ ಬೇಸ್ ಸೇರಿದ್ದು ಆದುದರಿಂದ ಲೆಕ್ಕಕ್ಕೆ ಬರಲಿಲ್ಲ. ಕಳವಿನ ಲಾಭವೂ ಉಳಿಯುವುದಿಲ್ಲ, ಮೇಲೆ ಒಂದು ಔಟ್ ಕೂಡ ಹೋಗುತ್ತದೆ.

ಓಡಿದವಳು ಮರಳಿ, ಬ್ಯಾಟು ಹಿಡಿದವಳು ಔಟಾಗುವುದೇಕೆ ಎಂದು ನಮ್ಮ ಹುಡುಗಿ ಕೇಳಿದ್ದಳು. ಅಡ್ಡಿ ಮಾಡಿದವರಿಗೇ ದಂಡ ಎಂಬುದು ಇಲ್ಲಿಯ ನ್ಯಾಯ. ಇದಕ್ಕೊಂದು ಕುತೂಹಲದ ಅನುಬಂಧವಿದೆ. ಅದೇ ಎಸೆತ ಮೂರನೆಯ ಸ್ಟ್ರೈಕ್ ಆಗಿದ್ದರೆ ಬ್ಯಾಟು ಹಿಡಿದವಳು ಆಗಲೇ ಔಟಾಗಿರುತ್ತಾಳೆ. ಒಬ್ಬಳನ್ನೇ ಎರಡು ಸಲ ಔಟ್ ಮಾಡಲಾಗದು. ಆಗ ಅವಳ ಅಡ್ಡಿಯ ಬೆಲೆಯನ್ನು ಓಟಗಾರ್ತಿ ತೆರುತ್ತಾಳೆ. ಬೇಸ್‌ಗಳಲ್ಲಿ ಒಬ್ಬಳೇ ಇದ್ದರೆ ಅವಳೇ ಔಟ್. ಹೀಗಿಲ್ಲವಾದರೆ ಔಟಾದವರು ಹೋಗುತ್ತ ಹೋಗುತ್ತ ಒಂದು ಅಡ್ಡಗಾಲು ಹಾಕಿ ಹೋಗುವುದಕ್ಕೆ ಯಾವ ತಡೆಯೂ ಇರುತ್ತಿರಲಿಲ್ಲ.

ಬೇಸ್‌ಬಾಲ್‌ನ ನಿಯಮ ಇದಕ್ಕೆ ಸೋದರ, ಅವಳಿಯಲ್ಲ. ಅಲ್ಲಿ ಚೌಕಟ್ಟಿನ ಒಳಗಿದ್ದರೂ ಕ್ಯಾಚರ್‌ಗೆ ಅಡ್ಡಿಯಾಗುವ ‘ಯಾವುದೇ ಚಲನೆ’ ಸಾಕು. ಉದ್ದೇಶದ ಮಾತನ್ನು ಸೇರಿಸಿಲ್ಲ. ಅಡ್ಡಿಯಿದ್ದರೂ ಕ್ಯಾಚರ್ ಎಸೆದು ಓಟಗಾರನನ್ನು ಔಟ್ ಮಾಡಿಬಿಟ್ಟರೆ ಅಲ್ಲಿ ಅಡ್ಡಿಯನ್ನು ಮರೆತು ಆ ಔಟನ್ನೇ ಉಳಿಸಿಕೊಳ್ಳುತ್ತಾರೆ. ಎರಡೂ ಆಟಗಳನ್ನು ದೂರದರ್ಶನದಲ್ಲಿ ನೋಡಿ ಒಂದರ ನಿಯಮವನ್ನು ಇನ್ನೊಂದಕ್ಕೆ ಹಚ್ಚುವವರು ಇದನ್ನು ನೆನಪಿಡಬೇಕು.

ಎರಡು ಮಾತು, ಎರಡು ಅರ್ಥ

ಇನ್ನು ನಮ್ಮ ವಿಭಾಗಕ್ಕೆ ಸಂಬಂಧಿಸಿದ ಭಾಗ. ಇಂಗ್ಲಿಷಿನ ನಿಯಮಪುಸ್ತಕದಲ್ಲಿ ‘ಇಂಟರ್‌ಫಿಯರೆನ್ಸ್’, ‘ಅಬ್‌ಸ್ಟ್ರಕ್ಷನ್’ ಎಂಬ ಎರಡು ಮಾತುಗಳಿವೆ. ನಿಘಂಟಿನಲ್ಲಿ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಅರ್ಥ. ಮೈದಾನದಲ್ಲಿ ಅವು ಎದುರುಬದುರು. ಬ್ಯಾಟಿಂಗ್ ಪಕ್ಷದವರು ಫೀಲ್ಡಿಂಗ್ ಪಕ್ಷದವರಿಗೆ ಮಾಡುವುದು ಮೊದಲನೆಯದು. ಚೆಂಡು ಕೈಯಲ್ಲಿಲ್ಲದ ಫೀಲ್ಡರ್ ಓಟಗಾರರ ದಾರಿಗೆ ಬರುವುದು ಎರಡನೆಯದು. ನನ್ನ ಶಾಲೆಯ ದಿನಗಳಲ್ಲಿ ಗುರುಗಳು ಒಂದು ಗಂಟೆ ಮರಾಠಿಯಲ್ಲಿಯೂ ಮುಂದಿನ ಗಂಟೆ ಕನ್ನಡದಲ್ಲಿಯೂ ಪಾಠ ಹೇಳುತ್ತಿದ್ದರು; ಒಂದು ಭಾಷೆಯಲ್ಲಿ ಒಂದಾಗಿ ಕಾಣುವುದು ಇನ್ನೊಂದರಲ್ಲಿ ಎರಡಾಗುವುದನ್ನು ನಾವು ಅಲ್ಲಿಯೇ ಕಲಿತೆವು. ಈ ಎರಡು ಮಾತುಗಳಿಗೆ ನಮ್ಮ ಮೈದಾನದ ಮರಾಠಿಯಲ್ಲಿ ‘ಅಡಥಳಾ’ ಎಂಬ ಒಂದೇ ಮಾತು ನಡೆಯುತ್ತದೆ. ಕನ್ನಡದಲ್ಲಿ ಕೆಲವರು ‘ಹಸ್ತಕ್ಷೇಪ’ ಎನ್ನಬಹುದು; ಆದರೆ ಅದು ಆಡಳಿತದ ವಾಸನೆಯ ಮಾತು, ಮೇಲಾಗಿ ಇಲ್ಲಿ ಅಡ್ಡ ಬರುವುದು ಹಸ್ತವೇ ಆಗಬೇಕೆಂದಿಲ್ಲ. ಬ್ಯಾಟಿಂಗ್ ಪಕ್ಷದವರು ಮಾಡುವುದನ್ನು ‘ಅಡ್ಡಿ’ ಎಂದೂ, ಫೀಲ್ಡರ್ ಓಟಗಾರರ ದಾರಿ ಕಟ್ಟುವುದನ್ನು ‘ತಡೆ’ ಎಂದೂ ಕರೆದರೆ ಕನ್ನಡದ ಎರಡು ಹಳೆಯ ಮಾತುಗಳೇ ಈ ಕೆಲಸ ಮಾಡುತ್ತವೆಂದು ನನಗೆ ತೋರುತ್ತದೆ.

‘ತಡೆ’ಯ ಪ್ರಸಿದ್ಧ ನಿದರ್ಶನ ಅಮೆರಿಕದ ಬೇಸ್‌ಬಾಲ್‌ನದು. 2013ರ ಅಕ್ಟೋಬರ್ 26ರಂದು ಸೇಂಟ್ ಲೂಯಿಸ್‌ನಲ್ಲಿ ನಡೆದ ವರ್ಲ್ಡ್ ಸೀರೀಸ್‌ನ ಮೂರನೆಯ ಪಂದ್ಯ ಕೊನೆಯ ಇನಿಂಗ್ಸ್‌ನಲ್ಲಿ 4-4 ಸಮವಾಗಿತ್ತು. ಬಾಸ್ಟನ್ ತಂಡದ ಕ್ಯಾಚರ್ ಮೂರನೆಯ ಬೇಸ್‌ಗೆ ಎಸೆದ ಚೆಂಡು ದಿಕ್ಕು ತಪ್ಪಿತು. ಅದಕ್ಕಾಗಿ ಹಾರಿ ನೆಲಕ್ಕೆ ಬಿದ್ದಿದ್ದ ಫೀಲ್ಡರ್ ವಿಲ್ ಮಿಡಲ್‌ಬ್ರುಕ್ಸ್‌ನ ಮೇಲೆ ಎಡವಿದ ಓಟಗಾರ ಆಲನ್ ಕ್ರೇಗ್ ಎದ್ದು ಹೋಮ್‌ಗೆ ಓಡಿದನು. ಅಲ್ಲಿ ಅವನನ್ನು ಚೆಂಡಿನಿಂದ ಮುಟ್ಟಿದ್ದರೂ ಅಂಪೈರ್‌ಗಳು ‘ತಡೆ’ಯ ಕಾರಣದಿಂದ ರನ್ ಕೊಟ್ಟರು, ಸೇಂಟ್ ಲೂಯಿಸ್ 5-4ರಿಂದ ಗೆದ್ದಿತು. ಬಿದ್ದವನು ಬೇಕೆಂದು ಬಿದ್ದಿರಲಿಲ್ಲ. ನಿಯಮ ಅದನ್ನು ಕೇಳಲೂ ಇಲ್ಲ.

ಇದಕ್ಕೆ ಎದುರಾಗಿ 1975ರ ಅಕ್ಟೋಬರ್ 14ರಂದು ಸಿನ್ಸಿನಾಟಿಯಲ್ಲಿ ನಡೆದ ಅದೇ ಸರಣಿಯ ಪಂದ್ಯವೊಂದನ್ನು ಹೇಳಬಹುದು. ಎಡ್ ಆರ್ಮ್‌ಬ್ರಿಸ್ಟರ್ ಚೆಂಡನ್ನು ಮೆಲ್ಲಗೆ ತಟ್ಟಿ ಓಡಲು ಹೊರಟಾಗ, ಅದನ್ನು ಹಿಡಿಯಲು ಬಂದ ಕ್ಯಾಚರ್ ಕಾರ್ಲ್‌ಟನ್ ಫಿಸ್ಕ್‌ಗೂ ಅವನಿಗೂ ಡಿಕ್ಕಿಯಾಯಿತು. ಫಿಸ್ಕ್ ಎರಡನೆಯ ಬೇಸ್‌ಗೆ ಎಸೆದ ಚೆಂಡು ಗುರಿ ತಪ್ಪಿ ದೂರ ಹೋಯಿತು. ಅಂಪೈರ್ ಲ್ಯಾರಿ ಬಾರ್ನೆಟ್ ಅದನ್ನು ಅಡ್ಡಿ ಎನ್ನಲಿಲ್ಲ. ಸಿನ್ಸಿನಾಟಿ 6-5ರಿಂದ ಗೆದ್ದಿತು. ಐವತ್ತು ವರ್ಷಗಳಾದರೂ ಆ ತೀರ್ಪಿನ ಮೇಲಿನ ವಾದ ನಿಂತಿಲ್ಲ. ಒಂದು ವ್ಯತ್ಯಾಸವನ್ನು ಗಮನಿಸಬೇಕು: ಅಲ್ಲಿ ಚೆಂಡು ಬ್ಯಾಟಿಗೆ ತಾಗಿತ್ತು, ಆದುದರಿಂದ ಆರ್ಮ್‌ಬ್ರಿಸ್ಟರ್ ಅದಾಗಲೇ ಓಟಗಾರನಾಗಿದ್ದ. ನಾನು ವಿವರಿಸುತ್ತಿರುವ ನಿಯಮ ಚೆಂಡು ಬ್ಯಾಟಿಗೆ ತಾಗುವ ಮುಂಚಿನದು.

ನಮ್ಮವರಿಗೆ ಹೆಚ್ಚು ಪರಿಚಿತವಾದ ಕ್ರಿಕೆಟ್‌ನಲ್ಲಿಯೂ ಇಂಥದೊಂದು ನಿಯಮವಿದೆ. 2006ರ ಫೆಬ್ರವರಿ 6ರಂದು ಪೇಶಾವರದಲ್ಲಿ ಭಾರತದ ವಿರುದ್ಧ ಆಡುತ್ತಿದ್ದ ಇಂಜಮಾಮ್-ಉಲ್-ಹಕ್, ಸುರೇಶ್ ರೈನಾ ವಿಕೆಟ್‌ನತ್ತ ಎಸೆದ ಚೆಂಡನ್ನು ಕ್ರೀಸಿನ ಹೊರಗೆ ನಿಂತು ಬ್ಯಾಟಿನಿಂದ ತಡೆದು ಔಟಾದದ್ದು ಹಲವರಿಗೆ ನೆನಪಿರಬಹುದು. ಆದರೆ ಕ್ರಿಕೆಟ್‌ನ ಆ ನಿಯಮಕ್ಕೆ ಉದ್ದೇಶವೇ ಆಧಾರ. ಬೇಕೆಂದು ಮಾಡಿದ್ದಲ್ಲದಿದ್ದರೆ ಔಟಿಲ್ಲ. ಕ್ರಿಕೆಟ್ ನೋಡಿ ಬೆಳೆದ ನಮ್ಮ ಹುಡುಗಿಯರು ‘ಬೇಕಂತ ಮಾಡಿಲ್ಲ’ ಎಂಬ ಉತ್ತರ ಸಾಕೆಂದು ನಂಬುವುದು ಸಹಜ. ಸಾಫ್ಟ್‌ಬಾಲ್‌ನಲ್ಲಿ ಆ ಉತ್ತರಕ್ಕೆ ಗೆರೆಯ ಒಳಗೆ ಮಾತ್ರ ಬೆಲೆ.

ಆಡುವವರಿಗೆ ನಾಲ್ಕು ಮಾತು

ದೈಹಿಕ ಶಿಕ್ಷಣದ ಸಹೋದ್ಯೋಗಿಗಳು ತಿಳಿಸಿದ್ದನ್ನು ಸಂಗ್ರಹಿಸಿ ಹೇಳುವುದಾದರೆ: ಓಟಗಾರ್ತಿ ಓಡುತ್ತಿರುವಾಗ ಬ್ಯಾಟು ಹಿಡಿದವಳು ಬೀಸಲಿ, ಬಿಡಲಿ, ಅನಂತರ ತಾನಿದ್ದಲ್ಲೇ ಸ್ಥಿರವಾಗಿ ನಿಲ್ಲಬೇಕು. ‘ದಾರಿ ಬಿಡುತ್ತೇನೆ’ ಎಂದು ಹೊರಗೆ ಜಿಗಿಯುವವರೇ ಹೆಚ್ಚಾಗಿ ಸಿಕ್ಕಿಬೀಳುತ್ತಾರೆ. ಕ್ಯಾಚರ್ ಆರಿಸಿಕೊಂಡ ದಾರಿಗೇ ಅವರು ಬಂದಿರುತ್ತಾರೆ. ಬೀಸಿದ ಮೇಲೆ ಎರಡೂ ಪಾದಗಳು ಚೌಕಟ್ಟಿನೊಳಗೇ ನಿಲ್ಲುವಂತೆ ಅಭ್ಯಾಸ ಮಾಡಬೇಕು. ಹೋಮ್‌ನಲ್ಲಿಯೇ ಆಟ ನಡೆಯಲಿದ್ದರೆ ಮಾತ್ರ ಬೇಗನೆ ದೂರ ಸರಿಯಬೇಕು. ಕ್ಯಾಚರ್ ಆದವಳು ಎದುರಿಗೆ ಯಾರಾದರೂ ಬಂದರೆಂದು ಕೈ ಇಳಿಸಿ ನಿಲ್ಲದೆ ಎಸೆಯುವ ಯತ್ನವನ್ನು ತೋರಬೇಕು. ಅಂಪೈರ್‌ಗೆ ಕಾಣುವುದು ಅದೇ.

ಅಂದಿನ ತೀರ್ಪು ನಿಯಮದ ಪ್ರಕಾರ ಸರಿಯಾಗಿತ್ತು. ನಮ್ಮ ಹುಡುಗಿ ಚೌಕಟ್ಟು ದಾಟಿದ್ದಳು, ಕ್ಯಾಚರ್‌ನ ಕೈ ನಿಂತಿತ್ತು, ಬೇರೇನೂ ಬೇಕಾಗಿರಲಿಲ್ಲ. ಇದನ್ನೆಲ್ಲ ಅವಳಿಗೆ ಓದಿ ಹೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾರ ಅಂಪೈರ್ ನನ್ನ ಸುಳ್ಳಿ ಅನ್ಲಿಲ್ಲ ಅಂದಂಗಾತಲ್ಲರಿ ಸರ್” ಎಂದಳು. ಹೌದು. ಅವಳನ್ನು ಇಷ್ಟು ದಿನ ಕಾಡಿದ್ದು ಸೋಲಿಗಿಂತ ಅದೇ ಆಗಿತ್ತು. ಔಟ್ ಎಂಬುದು ಅವಳ ಪಾದ ಎಲ್ಲಿತ್ತೆಂಬುದನ್ನು ಕುರಿತ ಮಾತು. ಅವಳ ಮನಸ್ಸನ್ನು ಕುರಿತು ಅಂಪೈರ್ ಏನನ್ನೂ ಹೇಳಿರಲಿಲ್ಲ. ಹೇಳಿದವರು ಆಟ ಮುಗಿದ ಮೇಲೆ ಬಸ್ಸಿನಲ್ಲಿ ಮಾತಾಡಿದ ನಾವು.

ಅವಳೀಗ ಸಂಜೆಯ ಅಭ್ಯಾಸದಲ್ಲಿ ಸುಣ್ಣದ ಗೆರೆ ಹಾಕಿಕೊಂಡು ಬ್ಯಾಟು ಬೀಸುತ್ತಿದ್ದಾಳೆ. ವಿಭಾಗದ ಪದಸಂಗ್ರಹದ ವಹಿಯಲ್ಲಿ ‘ಅಡ್ಡಿ’, ‘ತಡೆ’, ‘ಚೌಕಟ್ಟು’ ಎಂಬ ಮೂರು ಮಾತುಗಳನ್ನು ಆಟದ ಅರ್ಥದೊಂದಿಗೆ ಅವಳ ಕೈಯಿಂದಲೇ ಬರೆಯಿಸಿದ್ದೇನೆ. ಕಬಡ್ಡಿ, ಖೋ-ಖೋ, ಕುಸ್ತಿ ಮುಂತಾದ ಆಟಗಳನ್ನು ಆಡುವ ವಿದ್ಯಾರ್ಥಿಗಳು ತಮ್ಮ ಊರಿನ ಮೈದಾನದಲ್ಲಿ ಬಳಕೆಯಲ್ಲಿರುವ ಕನ್ನಡ ಮಾತುಗಳನ್ನು ಅದೇ ವಹಿಗೆ ಸೇರಿಸಬೇಕೆಂದು ಕೋರುತ್ತೇನೆ. ವಹಿ ವಿಭಾಗದ ಕಪಾಟಿನಲ್ಲಿದೆ.